ನದಿಗೆ ಬೇಡಿ ತೊಡಿಸಿದವನು, ಗುಂಡಿಗೆ ಇಳಿದವನು

1

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕರಿಕಲ್ಲು ಇದೆ. ಊರಿಗೆ ಒಳಚರಂಡಿ ಬಂದಾಗ ನೆಟ್ಟದ್ದು. ಮಂತ್ರಿ, ಶಾಸಕ, ಪುರಸಭೆ ಅಧ್ಯಕ್ಷ, ಎಂಜಿನಿಯರು, ಕೊನೆಗೆ ಸಣ್ಣ ಅಕ್ಷರದಲ್ಲಿ ಕಂಟ್ರಾಕ್ಟರು, ಹೀಗೆ ಹೆಸರುಗಳ ಸಾಲು. ಆ ಕಲ್ಲಿನಿಂದ ಐವತ್ತು ಹೆಜ್ಜೆ ದೂರದ ಮ್ಯಾನ್‌ಹೋಲಿನಲ್ಲಿ ನನ್ನ ಸೋದರಮಾವ ಸತ್ತ. ಆಗ ನನಗೆ ಹತ್ತು ವರ್ಷ. ಮಾವ ಮೊದಲು ಇಳಿದ, ಮೇಲೆ ಬರಲಿಲ್ಲ. ಅವನನ್ನು ಎಳೆದು ತರ್ತೀನಿ ಅಂತ ನಮ್ಮ ಕೇರಿಯ ಇನ್ನೊಬ್ಬ ಹುಡುಗ ಇಳಿದ. ಅವನೂ ಬರಲಿಲ್ಲ.

ಶೋಕಸಭೆಯಲ್ಲಿ ಮುಖಂಡರೊಬ್ಬರು ಎರಡನೆಯವನನ್ನು ವೀರ ಅಂದರು. ಮಾವನ ಬಗ್ಗೆ ‘ಪಾಪ, ದುರದೃಷ್ಟ’ ಅಂದರು. ಆ ಹೊತ್ತು ನನ್ನ ಅತ್ತೆ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಆ ಮಗ ಇವನ್ನ ಉಳಿಸೋಕೆ ಇಳಿದ, ಸರಿ. ಇವನು ಊರೋರ ಹೇಲು ಬಳಿಯೋಕೆ ಇಳಿದ. ಇವನ್ಯಾಕಣ್ಣಾ ವೀರ ಅಲ್ಲ?”

ಈಗ ಕೇರಿ ಹುಡುಗರು ಸಂಘ ಕಟ್ಟಿಕೊಂಡಿದ್ದಾರೆ. ಆ ಕರಿಕಲ್ಲಿನ ಪಕ್ಕದಲ್ಲೇ ಇವರಿಬ್ಬರ ಹೆಸರಿನಲ್ಲಿ ಒಂದು ಕಲ್ಲು ನೆಡಬೇಕು ಅಂತ ಅವರ ಹಟ. “ಮೇಷ್ಟ್ರೇ, ನೀವು ಎಂ.ಎ. ಮಾಡಿದ್ದೀರಿ, ಕಾಲೇಜಲ್ಲಿ ಪಾಠ ಹೇಳ್ತೀರಿ, ಅದರ ಮೇಲೆ ಏನು ಬರೀಬೇಕು ಅಂತ ನಾಲ್ಕು ಸಾಲು ಬರೆದುಕೊಡಿ” ಅಂತ ಕೇಳಿದರು. ಆ ನಾಲ್ಕು ಸಾಲು ಬರೆಯಲಾರದೆ ಈ ಲೇಖನ ಬರೆಯುತ್ತಿದ್ದೇನೆ. ಸ್ಮಾರಕದ ಭಾಷೆ ಎಲ್ಲಿಂದ ಬಂತು, ಅದರ ವ್ಯಾಕರಣ ಯಾರದು ಅಂತ ಹುಡುಕುತ್ತಾ ಹೋದರೆ ನನಗೆ ಸಿಕ್ಕಿದ್ದು ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ನಾನು ಲಂಡನ್ ನೋಡಿದವನಲ್ಲ. ಪುಸ್ತಕ, ಫೋಟೋಗಳಲ್ಲಿ ಓದಿದವನು. ಆದರೆ ನಮ್ಮ ಮ್ಯಾನ್‌ಹೋಲಿನ ವಂಶವೃಕ್ಷ ಇರುವುದು ಅಲ್ಲೇ.

2

ಥೇಮ್ಸ್ ನದಿಯ ದಂಡೆಯಲ್ಲಿ, ಹಂಗರ್‌ಫೋರ್ಡ್ ಸೇತುವೆಯ ಬುಡದಲ್ಲಿ, ಜೋಸೆಫ್ ಬ್ಯಾಝಲ್‌ಗೆಟ್‌ನ ಸ್ಮಾರಕ ಇದೆ. ಜಾರ್ಜ್ ಸೈಮಂಡ್ಸ್ ಎಂಬ ಶಿಲ್ಪಿ ಮಾಡಿದ್ದು, 1901ರದು. ಗೋಡೆಯ ಗೂಡಿನಲ್ಲಿ ಕಂಚಿನ ಮುಖ, ದಪ್ಪ ಮೀಸೆ. ಲಂಡನ್ನಿನ ಒಳಚರಂಡಿ ವ್ಯವಸ್ಥೆಯ ಎಂಜಿನಿಯರು, ಈ ದಂಡೆಯ ಎಂಜಿನಿಯರು ಅಂತ ಇಂಗ್ಲಿಷಿನಲ್ಲಿ. ಜೊತೆಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು. ಅದರ ಅರ್ಥ, ‘ಅವನು ನದಿಗೆ ಬೇಡಿ ತೊಡಿಸಿದ’.

ಈ ಮನುಷ್ಯ ಮಾಡಿದ ಕೆಲಸ ಸಣ್ಣದಲ್ಲ. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲಿ ಸುಮಾರು 14,000 ಜನ ಸತ್ತರು. 1853-54ರಲ್ಲಿ ಮತ್ತೆ ಹತ್ತು ಸಾವಿರಕ್ಕೂ ಹೆಚ್ಚು. ಆಗೆಲ್ಲಾ ಪಾರ್ಲಿಮೆಂಟು ಸಮಿತಿ ಮಾಡಿತು, ವರದಿ ತರಿಸಿತು, ಜಗಳಾಡಿತು. 1858ರ ಬೇಸಿಗೆಯಲ್ಲಿ ಥೇಮ್ಸಿನ ನಾತ ಪಾರ್ಲಿಮೆಂಟಿನ ಕಿಟಕಿಗೇ ಬಂತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ನೆನೆಸಿ ಕಟ್ಟಿದರೂ ಕೂರಲಾಗಲಿಲ್ಲ. ಕೆಲವೇ ವಾರಗಳಲ್ಲಿ ಕಾನೂನು ಆಯ್ತು, ದುಡ್ಡೂ ಮಂಜೂರಾಯ್ತು. ಸಾವಿಗೆ ಏಳದ ಪಾರ್ಲಿಮೆಂಟು ಮೂಗಿಗೆ ಎದ್ದಿತು. ನಾತ ಕೇರಿಯಲ್ಲಿ ಇರುವತನಕ ಅದು ಕೇರಿಯವರ ಗುಣ; ಅಗ್ರಹಾರಕ್ಕೆ ಬಂದ ದಿನ ಸಾರ್ವಜನಿಕ ಸಮಸ್ಯೆ. ಇದನ್ನು ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಿಲ್ಲ.

ಮೆಟ್ರೋಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ನ ಮುಖ್ಯ ಎಂಜಿನಿಯರಾಗಿದ್ದ ಬ್ಯಾಝಲ್‌ಗೆಟ್ 82 ಮೈಲಿ ಉದ್ದದ ದೊಡ್ಡ ಕೊಳವೆಗಳನ್ನು ನದಿಗೆ ಸಮಾನಾಂತರವಾಗಿ ಕಟ್ಟಿಸಿದ. ಬೀದಿ ಚರಂಡಿಗಳ ಹೊಲಸು ನದಿಗೆ ಬೀಳುವ ಮೊದಲೇ ಅದನ್ನು ಅಡ್ಡಹಿಡಿದು ಪೂರ್ವಕ್ಕೆ ಸಾಗಿಸುವ ಉಪಾಯ. ಸುಮಾರು 31.8 ಕೋಟಿ ಇಟ್ಟಿಗೆ ಹೋಯ್ತು. 1865ರಲ್ಲಿ ಕ್ರಾಸ್‌ನೆಸ್ ಪಂಪುಮನೆಯನ್ನು ರಾಜಕುಮಾರ ಬಂದು ಉದ್ಘಾಟಿಸಿದ. ಅದರ ಮರುವರ್ಷ, 1866ರಲ್ಲಿ, ಕಾಲರಾ ಮತ್ತೆ ಬಂದಾಗ ಸತ್ತದ್ದು ಹೊಸ ವ್ಯವಸ್ಥೆ ಇನ್ನೂ ತಲುಪದಿದ್ದ ಪೂರ್ವ ಲಂಡನ್ನಿನ ಬಡವರು. ಅದು ತಲುಪಿದ ಕಡೆ ಕಾಲರಾ ನಿಂತಿತು. ಅಂದರೆ ಈ ಕೊಳವೆಗಳು ನಿಜವಾಗಿಯೂ ಜೀವ ಉಳಿಸಿದವು. ಇದನ್ನು ನಾನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಯಾಕೆಂದರೆ ಪ್ರತಿಮೆ ಕಂಡ ಕೂಡಲೇ ಕಲ್ಲು ಹೊಡೆಯುವುದೇ ದಲಿತ ವಿಮರ್ಶೆ ಅಂತ ಕೆಲವರು ತಿಳಿದಿದ್ದಾರೆ. ನಮ್ಮಲ್ಲೂ ಕೆಲವರು ಹಾಗೇ ತಿಳಿದುಕೊಂಡಿದ್ದಾರೆ.

‘ಕೋಟೆ ಕಟ್ಟಿದವರು ರಾಜರೋ ಕೂಲಿಗಳೋ’ ಎಂಬ ಪ್ರಶ್ನೆ ಬ್ರೆಕ್ಟ್‌ನಿಂದ ನಮಗೆ ಬಂದು, ಭಾಷಣಗಳಲ್ಲಿ ಸವೆದು, ಈಗ ಚಪ್ಪಾಳೆಗೆ ಮಾತ್ರ ಉಳಿದಿದೆ. ಹೆಸರು ಇಲ್ಲ ಅಂತ ಹೇಳುವುದು ವಿಮರ್ಶೆಯ ಮೊದಲ ಮೆಟ್ಟಿಲು, ಅಷ್ಟೇ. ದುಡಿದವರ ಹೆಸರು ಕೆಲವೊಮ್ಮೆ ಕಲ್ಲಿಗೆ ಬರುತ್ತದೆ. ಬರುವಾಗ ಯಾವ ಷರತ್ತಿನ ಮೇಲೆ ಬರುತ್ತದೆ? ನನ್ನ ಪ್ರಶ್ನೆ ಇದು.

3

ಅದೇ ದಂಡೆಯ ಮೇಲೆ ಸ್ವಲ್ಪ ದೂರದಲ್ಲಿ ಇಸಂಬಾರ್ಡ್ ಬ್ರೂನೆಲ್‌ನ ಪ್ರತಿಮೆ ಇದೆ. ಮರೋಚೆಟ್ಟಿ ಎಂಬ ಶಿಲ್ಪಿ ಮಾಡಿದ್ದು, 1877ರಲ್ಲಿ ನಿಲ್ಲಿಸಿದ್ದು. ಇದೇ ಶಿಲ್ಪಿ ಮಾಡಿದ ರಾಬರ್ಟ್ ಸ್ಟೀಫನ್‌ಸನ್ ಪ್ರತಿಮೆ 1871ರಲ್ಲೇ ಯೂಸ್ಟನ್ ರೈಲ್ವೆ ನಿಲ್ದಾಣದಲ್ಲಿ ನಿಂತಿತ್ತು. ಅಲ್ಲಿಯವರೆಗೆ ಪ್ರತಿಮೆ ಅಂದರೆ ರಾಜ, ಸೇನಾಪತಿ, ಸಂತ. ಎಂಜಿನಿಯರು ಆ ಪೀಠಕ್ಕೆ ಹತ್ತಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಹತ್ತಿಸಿದ್ದರಲ್ಲಿ ಶಿಲ್ಪಿಗಳ ಜೊತೆ ಬರಹಗಾರರೂ ಇದ್ದರು. ಸ್ಯಾಮುಯೆಲ್ ಸ್ಮೈಲ್ಸ್ 1859ರಲ್ಲಿ ಸ್ವಸಹಾಯದ ಮೇಲೆ ಪುಸ್ತಕ ಬರೆದ. 1861ರಿಂದ ಎಂಜಿನಿಯರುಗಳ ಜೀವನಚರಿತ್ರೆಗಳನ್ನು ಸಂಪುಟಗಳಲ್ಲಿ ತಂದ. ಬಡತನದಲ್ಲಿ ಹುಟ್ಟು, ಕಷ್ಟಪಡು, ಬುದ್ಧಿ ಓಡಿಸು, ಮೇಲೆ ಬಾ. ಈ ಕಥೆಯೊಳಗೆ ಒಂದು ಸುರಂಗ ಅಂದರೆ ಒಂದು ತಲೆ. ಸಾವಿರ ಕೈಗಳು ಆ ತಲೆಯ ಉಪಕರಣ. ಪ್ರತಿಮೆ ಎಂಬುದು ಈ ಗದ್ಯದ ಕಂಚಿನ ಎರಕ.

ಬ್ರೂನೆಲ್‌ನ ಬಾಕ್ಸ್ ಸುರಂಗ 1841ರಲ್ಲಿ ಮುಗಿಯಿತು. ಐದು ವರ್ಷದ ನಂತರ, 1846ರಲ್ಲಿ, ರೈಲ್ವೆ ಕಾರ್ಮಿಕರ ಸ್ಥಿತಿಗತಿ ವಿಚಾರಿಸಲು ಪಾರ್ಲಿಮೆಂಟು ಒಂದು ಸಮಿತಿ ಕೂರಿಸಿತು. 1839ರ ಸೆಪ್ಟೆಂಬರಿನಿಂದ 1841ರ ಜೂನ್‌ವರೆಗೆ ಬಾತ್ ಊರಿನ ಆಸ್ಪತ್ರೆಗೆ ಸೇರಿದ 131 ಕಾರ್ಮಿಕರ ಪಟ್ಟಿಯನ್ನು ಬ್ರೂನೆಲ್ ಮುಂದೆ ಇಟ್ಟರು. ಕೆಲಸದ ಭಾರ, ಸಿಡಿಸಿದ ಮದ್ದಿನ ಪ್ರಮಾಣ ನೋಡಿದರೆ ಇದು ಕಡಿಮೆಯೇ ಎಂಬ ಅರ್ಥದ ಉತ್ತರ ಕೊಟ್ಟ. ಈ ಪಟ್ಟಿ ಪೂರ್ತಿಯಾಗಿರಲಿಕ್ಕಿಲ್ಲ ಅಂತಲೂ ತಾನೇ ಸೇರಿಸಿದ. ಈ ಉತ್ತರದಲ್ಲಿ ನನಗೆ ಕ್ರೌರ್ಯ ಕಾಣುವುದಿಲ್ಲ. ಅದಕ್ಕೇ ಹೆಚ್ಚು ಭಯವಾಗುತ್ತದೆ. ಅದು ಲೆಕ್ಕದ ಮಾತು. ಇಷ್ಟು ಮದ್ದು, ಇಷ್ಟು ಕಲ್ಲು, ಇಷ್ಟು ಕೈಕಾಲು. ವುಡ್‌ಹೆಡ್ ಸುರಂಗದಲ್ಲಿ 1839ರಿಂದ 1845ರೊಳಗೆ 32 ಜನ ಸತ್ತಿದ್ದರು. ಅಲ್ಲಿಯ ಸಾವುನೋವಿನ ಪ್ರಮಾಣ ವಾಟರ್‌ಲೂ ಯುದ್ಧದ್ದಕ್ಕಿಂತ ಹೆಚ್ಚು ಅಂತ ಎಡ್ವಿನ್ ಚಾಡ್ವಿಕ್ ಲೆಕ್ಕ ಹಾಕಿ ತೋರಿಸಿದ. ಸತ್ತರೆ ಕಂಪನಿ ಹೊಣೆಯಾಗಬೇಕು ಅಂತ ವಾದಿಸಿದ. ಪಾರ್ಲಿಮೆಂಟು ಸಮಿತಿಯ ಶಿಫಾರಸನ್ನು ಬದಿಗಿಟ್ಟಿತು.

ಹಾಗಂತ ಸತ್ತವರಿಗೆ ಕಲ್ಲೇ ಇಲ್ಲ ಅಂತಲ್ಲ. ಯಾರ್ಕ್‌ಷೈರಿನ ಆಟ್ಲಿ ಊರಿನ ಚರ್ಚಿನ ಅಂಗಳದಲ್ಲಿ ಬ್ರಾಮ್‌ಹೋಪ್ ಸುರಂಗದ ಸ್ಮಾರಕ ಇದೆ. 1845ರಿಂದ 1849ರವರೆಗೆ ಆ ಸುರಂಗ ಕೊರೆಯುತ್ತಾ ಸತ್ತವರಿಗಾಗಿ ಕಂಟ್ರಾಕ್ಟರು, ಅವನ ಏಜೆಂಟರು, ಕೆಲಸಗಾರರು ಎಲ್ಲಾ ಸೇರಿ ದುಡ್ಡು ಹಾಕಿ ಕಟ್ಟಿದ್ದು. ಅದರ ಆಕಾರ ನೋಡಿ: ಸುರಂಗದ ಉತ್ತರ ಬಾಗಿಲಿನ ಪಡಿಯಚ್ಚು, ಕೋಟೆಯ ಬುರುಜಿನ ಥರ. ಎಂಜಿನಿಯರು ಸತ್ತರೆ ಎಂಜಿನಿಯರಿನ ಮುಖ. ಕೂಲಿಗಳು ಸತ್ತರೆ, ಅವರನ್ನು ಕೊಂದ ಸುರಂಗದ ಮುಖ. ಅದರ ಮೇಲೆ ಅವರನ್ನು ‘ಪ್ರಾಣ ಕಳೆದುಕೊಂಡ ದುರದೃಷ್ಟವಂತರು’ ಅಂತ ಕರೆದಿದೆ.

ದುರದೃಷ್ಟ! ನಮ್ಮೂರ ಶೋಕಸಭೆಯ ಪದವೇ ಅಲ್ಲಿ, ನೂರೈವತ್ತು ವರ್ಷ ಮೊದಲು, ಸಮುದ್ರದಾಚೆ. ಹಣೆಬರಹ ಎಂಬುದು ಹಿಂದೂಗಳ ಸ್ವತ್ತು ಅಂದುಕೊಂಡಿದ್ದೆ. ಬಂಡವಾಳಕ್ಕೂ ಅದು ಬೇಕಾಗುತ್ತದೆ ಅಂತ ಆಗ ಗೊತ್ತಾಯಿತು.

ಕ್ರಿಯಾಪದ ನೋಡಿ. ಬ್ಯಾಝಲ್‌ಗೆಟ್ ‘ತೊಡಿಸಿದ’. ಇವರು ‘ಕಳೆದುಕೊಂಡರು’. ಮೊದಲನೆಯದಕ್ಕೆ ಕರ್ತೃ ಇದ್ದಾನೆ. ಎರಡನೆಯದರಲ್ಲಿ ಕರ್ತೃಗಳು ಸತ್ತವರೇ, ಎಲ್ಲೋ ಜೇಬಿನಿಂದ ಬಿದ್ದು ಹೋದ ಹಾಗೆ ಪ್ರಾಣ ಕಳೆದುಕೊಂಡಿದ್ದಾರೆ. ಇದ್ದಿಲ ಮದ್ದು ತುಂಬಿಸಿದವರು, ಸಮಯ ಉಳಿಸು ಅಂದವರು, ಬೆಂಕಿ ಹಚ್ಚಿಸಿದವರು ವಾಕ್ಯದಲ್ಲಿ ಇಲ್ಲ.

4

ಇನ್ನೊಂದು ಸ್ಮಾರಕದ ಬಗ್ಗೆ ಹೇಳಬೇಕು. ಅದೇ ನನ್ನನ್ನು ನಿದ್ದೆಗೆಡಿಸಿದ್ದು.

1887ರಲ್ಲಿ ರಾಣಿಯ ಸುವರ್ಣ ಮಹೋತ್ಸವದ ಹೊತ್ತಿಗೆ ಜಿ. ಎಫ್. ವಾಟ್ಸ್ ಎಂಬ ಚಿತ್ರಕಾರ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದ. ದಿನನಿತ್ಯದ ಬದುಕಿನಲ್ಲಿ ಇನ್ನೊಬ್ಬರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯರನ್ನು ನೆನೆಯುವ ಸ್ಮಾರಕ ಬೇಕು ಅಂತ. 1900ರಲ್ಲಿ ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕಿನಲ್ಲಿ ಅದು ಆಯಿತು. ಒಂದು ಮಾಡಿನ ಕೆಳಗೆ ಗೋಡೆ, ಗೋಡೆಗೆ ಹೊಳಪು ಹಂಚಿನ ಫಲಕಗಳು. ಬೆಂಕಿಯಲ್ಲಿ ಮಕ್ಕಳನ್ನು ಉಳಿಸಿದ ಕೆಲಸದ ಹೆಂಗಸು, ಮುಳುಗುವವರನ್ನು ಎತ್ತಲು ಹೋದ ಹುಡುಗ. ಸೇನಾಪತಿಗಳ ಊರಿನಲ್ಲಿ ಇದು ದೊಡ್ಡ ಮಾತೇ.

ಆ ಫಲಕಗಳಲ್ಲಿ ಒಂದು 1895ರ ಜುಲೈ 1ರದು. ಈಸ್ಟ್ ಹ್ಯಾಮ್‌ನ ಹೊಲಸುನೀರಿನ ಪಂಪುಮನೆಯಲ್ಲಿ ಒಬ್ಬ ಕೆಲಸಗಾರ ಕೆಳಗಿಳಿದು ವಿಷಗಾಳಿಗೆ ಸಿಕ್ಕಿಬಿದ್ದ. ಅವನನ್ನು ಉಳಿಸಲು ಒಬ್ಬರ ಹಿಂದೆ ಒಬ್ಬರು ಇಳಿದು ನಾಲ್ವರು ಸತ್ತರು. ಮಿಲ್ಸ್, ರಟರ್, ಡ್ಯುರಾಂಟ್, ಜೋನ್ಸ್ ಎಂಬ ನಾಲ್ಕು ಹೆಸರು ಫಲಕದಲ್ಲಿವೆ. ಮೊದಲು ಇಳಿದವನನ್ನು ‘ಒಬ್ಬ ಸಂಗಾತಿ’ ಅಂತಷ್ಟೇ ಹೇಳಿದೆ. ಹೆಸರಿಲ್ಲ.

ಅತ್ತೆಯ ಪ್ರಶ್ನೆಗೆ ಲಂಡನ್ನಿನ ಗೋಡೆಯ ಮೇಲೆ ಉತ್ತರ ಸಿಕ್ಕಿತ್ತು. ಉಳಿಸಲು ಇಳಿದರೆ ಹೆಸರು. ಕೆಲಸಕ್ಕೆ ಇಳಿದರೆ ಹೆಸರಿಲ್ಲ.

ಇದನ್ನು ನಮ್ಮವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಯಾಕೆಂದರೆ ನಮ್ಮಲ್ಲಿ ವೀರಗಲ್ಲುಗಳಿವೆ. ಊರ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಮೂರು ಅಂತಸ್ತಿನ ಶಿಲ್ಪ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ತುರುವಿಗಾಗಿ ಸತ್ತವನು ವೀರ. ಸತ್ತ ತುರುವನ್ನು ಹೊತ್ತು, ಸುಲಿದು, ಊರನ್ನು ರೋಗದಿಂದ ಉಳಿಸಿದವನಿಗೆ ಒಂದು ಬೆಣಚುಕಲ್ಲೂ ಇಲ್ಲ. ತ್ಯಾಗಕ್ಕೆ ಸ್ಮಾರಕ ಇದೆ, ದುಡಿಮೆಗೆ ಇಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಹಾಡಿನಲ್ಲಿ ಉಳಿಸಿಕೊಂಡ ನಾಡು ಇದು. ಆ ಕೆರೆ ತೋಡಿದ ಒಡ್ಡರನ್ನು ಯಾವ ಹಾಡಿನಲ್ಲಿ ಹುಡುಕೋಣ?

ಹಾಗಾದರೆ ಸ್ಮಾರಕಕ್ಕೆ ಮೂರು ಬಾಗಿಲು ಸಿಕ್ಕವು. ಕಟ್ಟಿಸಿದೆ ಅನ್ನಿಸಿಕೊಂಡರೆ ಮುಖ ಸಮೇತ ಒಳಗೆ. ಗುಂಪಾಗಿ ಸತ್ತರೆ ‘ದುರದೃಷ್ಟ’ದ ಬಾಗಿಲು. ಇನ್ನೊಬ್ಬರಿಗಾಗಿ ಸತ್ತರೆ ‘ತ್ಯಾಗ’ದ ಬಾಗಿಲು. ಬೆಳಿಗ್ಗೆ ಕೆಲಸಕ್ಕೆ ಬಂದು ಕೆಲಸ ಮಾಡಿದವನಿಗೆ, ಸತ್ತರೂ ಬದುಕಿದರೂ, ಬಾಗಿಲಿಲ್ಲ.

5

ಇಲ್ಲಿಗೇ ನಿಲ್ಲಿಸಿದರೆ ನಮ್ಮ ಮಾರ್ಕ್ಸ್‌ವಾದಿ ಗೆಳೆಯರು ಬೆನ್ನು ತಟ್ಟುತ್ತಾರೆ. ‘ನೋಡಿದಿರಾ, ಅಲ್ಲೂ ಇಲ್ಲೂ ಒಂದೇ, ಕಾರ್ಮಿಕ ಎಲ್ಲಾ ಕಡೆ ಕಾರ್ಮಿಕ.’ ಅಲ್ಲ ಸ್ವಾಮಿ. ಇಲ್ಲೇ ದಾರಿ ಕವಲೊಡೆಯುವುದು.

ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡವರನ್ನು ಮಾತಾಡಿಸಿ 1851ರ ಹೊತ್ತಿಗೆ ಪ್ರಕಟಿಸಿದ ಪುಸ್ತಕದಲ್ಲಿ ರಾತ್ರಿ ಹೊತ್ತು ಮಲದ ಗುಂಡಿ ಬಳಿಯುವವರು, ಚರಂಡಿಯೊಳಗೆ ಚಿಲ್ಲರೆ, ಲೋಹ ಹುಡುಕುವವರು, ಚರಂಡಿಗೆ ನೀರು ಬಿಟ್ಟು ತೊಳೆಯುವವರು ಎಲ್ಲಾ ಇದ್ದಾರೆ. ಜನ ಅವರನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದರೆ ಆ ಕೆಲಸಕ್ಕೆ ಕೂಲಿ ಕೇಳಬಹುದಿತ್ತು, ಬಿಟ್ಟೂ ಹೋಗಬಹುದಿತ್ತು. ಮಗ ಬೇರೆ ಕೆಲಸಕ್ಕೆ ಹೋದರೆ ಅಪ್ಪನ ಗುಂಡಿ ಅವನನ್ನು ಹಿಂಬಾಲಿಸುತ್ತಿರಲಿಲ್ಲ. ಕೊಳವೆ, ಫ್ಲಶ್ಶು ಬಂದ ಮೇಲೆ ರಾತ್ರಿ ಗುಂಡಿ ಬಳಿಯುವ ಕಸುಬೇ ಅಲ್ಲಿ ಕರಗಿತು.

ಲಂಡನ್ನಿನ ಕೆಲಸ ನಡೆಯುತ್ತಿದ್ದ ಕಾಲದಲ್ಲೇ ಕಲ್ಕತ್ತೆಯಲ್ಲಿ ವಿಲಿಯಂ ಕ್ಲಾರ್ಕ್ ಎಂಬ ಎಂಜಿನಿಯರು ಒಳಚರಂಡಿ ಹಾಕಿಸಿದ. ಅದೇ ಇಟ್ಟಿಗೆಯ ಕೊಳವೆ, ಅದೇ ಮ್ಯಾನ್‌ಹೋಲು. ಇಲ್ಲಿ ಕಸುಬು ಕರಗಲಿಲ್ಲ. ತಲೆಯ ಮೇಲಿದ್ದ ಬುಟ್ಟಿ ಇಳಿಯಿತು, ತಲೆಯೇ ಗುಂಡಿಗೆ ಇಳಿಯಿತು. ನನ್ನ ತಾತ ಬಕೆಟ್ಟು ಹೊತ್ತ, ಮಾವ ಮ್ಯಾನ್‌ಹೋಲಿಗೆ ಇಳಿದ. ನಡುವೆ ಬಂದ ತಂತ್ರಜ್ಞಾನಕ್ಕೆ ನಮ್ಮ ಜಾತಿ ಚೆನ್ನಾಗಿ ಗೊತ್ತಿತ್ತು. ಈ ದೇಶದಲ್ಲಿ ಯಾವ ಪಂಪಿಗಿಂತಲೂ ಅಗ್ಗವಾದ ಯಂತ್ರ ಜಾತಿ. ಮಾಡುವ ಕೆಲಸದಿಂದಲ್ಲ, ಹುಟ್ಟಿನಿಂದ ಇಲ್ಲಿ ಒಬ್ಬ ಜಾಡಮಾಲಿಯಾಗುತ್ತಾನೆ ಎಂಬ ಅರ್ಥದ ಮಾತನ್ನು ಅಂಬೇಡ್ಕರ್ ಹೇಳಿದ್ದು ಇದನ್ನೇ.

ಕಾನೂನುಗಳೂ ಬಂದವು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು. ನಡುವೆ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡರು. 2014ರಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತು. 2023ರಲ್ಲಿ 30 ಲಕ್ಷ ಅಂತು. ಸಾವಿನ ದರ ಏರಿದೆ. ಇಳಿಯುವುದು ನಿಂತಿಲ್ಲ.

6

ಹಾಗಾದರೆ ಎಂಜಿನಿಯರನ್ನು ಪೀಠದಿಂದ ಇಳಿಸಿಬಿಡೋಣವೇ? ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ.

1920ರಿಂದ 1923ರವರೆಗೆ ಅಂಬೇಡ್ಕರ್ ಲಂಡನ್ನಿನಲ್ಲಿ ಓದಿದರು. ಅವರ ಕಾಲೇಜು ಬ್ಯಾಝಲ್‌ಗೆಟ್ ಕಟ್ಟಿಸಿದ ದಂಡೆಗೆ ನಡೆದುಹೋಗುವಷ್ಟು ಹತ್ತಿರ. ಯಾರ ಮಲವನ್ನು ಯಾರೂ ಹೊರದ ಊರು ಸಾಧ್ಯ ಅಂತ ಅವರ ಕಾಲ ಕೆಳಗಿನ ಕೊಳವೆಗಳು ಹೇಳುತ್ತಿದ್ದವು. ಅಲ್ಲಿಂದ ಬಂದವರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು. 1942ರಿಂದ 46ರವರೆಗೆ ವೈಸರಾಯ್ ಮಂಡಲಿಯ ಸದಸ್ಯರಾಗಿ ನೀರಾವರಿ, ವಿದ್ಯುತ್ತು, ದಾಮೋದರ ಕಣಿವೆ ಯೋಜನೆ ನೋಡಿಕೊಂಡರು. ಹಳ್ಳಿಯ ಹಾಡು, ಮಣ್ಣಿನ ವಾಸನೆ ಅಂತ ಕರಗಿದವರಲ್ಲ ಅವರು. ಕೊಳಾಯಿ, ಕೊಳವೆ, ಕರೆಂಟು ನಮ್ಮ ವಿಮೋಚನೆಯ ಭಾಗ. ಎಂಜಿನಿಯರಿಂಗನ್ನೇ ವಸಾಹತುಶಾಹಿ ಅಂತ ಬೈಯುವ ಐಷಾರಾಮ ಬಾವಿ ಇದ್ದವರದು.

ನನ್ನ ತಕರಾರು ಕೊಳವೆಯ ಮೇಲಲ್ಲ, ಪೀಠದ ಮೇಲೆ. ಪೀಠ ಹೇಳುವ ಕಥೆ ಪ್ರತಿಭೆಯ ಕಥೆ. ಒಂದು ತಲೆ, ಅದರ ಶ್ರಮ, ಅದರ ಯೋಗ್ಯತೆ. ಆ ಕಥೆ ನಮ್ಮ ನಾಡಿಗೂ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು 1880ರ ದಶಕದಲ್ಲಿ ಮುಂಬಯಿ ಸರ್ಕಾರದ ಪಿ.ಡಬ್ಲ್ಯು.ಡಿ. ಸೇರಿದವರು, ಅಂದರೆ ಅವರೂ ವಿಕ್ಟೋರಿಯಾ ಕಾಲದ ಎಂಜಿನಿಯರೇ. ಅವರ ಕನ್ನಂಬಾಡಿಯ ನೀರು ಕುಡಿದು ಬೆಳೆದವರಲ್ಲಿ ನಾವೂ ಇದ್ದೇವೆ, ಅದನ್ನು ಮರೆಯಲಾಗದು. ಆದರೆ 1918ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆಗೆ ಮಿಲ್ಲರ್ ಸಮಿತಿ ಬಂದಾಗ, ಯೋಗ್ಯತೆಗೆ ಧಕ್ಕೆ ಅಂತ ಅವರು ಒಪ್ಪಲಿಲ್ಲ. ಅದೇ ವರ್ಷ ದಿವಾನಗಿರಿ ಬಿಟ್ಟರು. ಅಣೆಕಟ್ಟು ಒಂದು ತಲೆಯಿಂದ ಆಯಿತು ಎಂದು ನಂಬಿದ ಮೇಲೆ, ಆ ತಲೆ ಯಾವ ಮನೆಯಲ್ಲಿ ಹುಟ್ಟುತ್ತದೆ ಅಂತ ಕೇಳುವುದೇ ಅಪಚಾರವಾಗುತ್ತದೆ. ಸೆಪ್ಟೆಂಬರ್ 15 ಬಂದಾಗ ನಮ್ಮ ಕಾಲೇಜಿನಲ್ಲೂ ಹಾರ ಹಾಕುತ್ತೇವೆ. ಅದೇ ವಾರ ಸ್ಟಾಫ್‌ರೂಮಿನಲ್ಲಿ ‘ರಿಸರ್ವೇಶನ್ನಿನವರಿಂದ ಸ್ಟ್ಯಾಂಡರ್ಡ್ ಹಾಳಾಯ್ತು’ ಎಂಬ ಮಾತೂ ಕೇಳುತ್ತೇನೆ. ಈ ಎರಡಕ್ಕೂ ಒಂದೇ ಬೇರು ಅಂತ ನನ್ನ ಗುಮಾನಿ.

ನಮ್ಮ ಕೇರಿಗಳಲ್ಲೂ ಪ್ರತಿಮೆ ಇದೆ. ನೀಲಿ ಕೋಟು, ಕೈಯಲ್ಲಿ ಪುಸ್ತಕ, ಮುಂದೆ ಚಾಚಿದ ಬೆರಳು. ಶಿಲ್ಪಕಲೆಯ ಪಂಡಿತರು ಅದನ್ನು ನೋಡಿ ನಗಬಹುದು. ಕೂಲಿ ದುಡ್ಡಿನಲ್ಲಿ ವಂತಿಗೆ ಎತ್ತಿ ನಿಲ್ಲಿಸಿದ್ದು ಅದು. ಎಷ್ಟೋ ಊರುಗಳಲ್ಲಿ ಅದಕ್ಕೆ ಸಗಣಿ ಎರಚಿದ್ದಾರೆ, ಬೆರಳು ಮುರಿದಿದ್ದಾರೆ. ಬ್ಯಾಝಲ್‌ಗೆಟ್‌ನ ಮೀಸೆಗೆ ಆ ಅಪಾಯ ಇಲ್ಲ. ಮುಗಿದ ಕೆಲಸಕ್ಕೆ ಸಹಿ ಹಾಕುವ ಪ್ರತಿಮೆ ಒಂದು ಬಗೆ, ಮುಗಿಯದ ಕೆಲಸ ತೋರಿಸುವ ಪ್ರತಿಮೆ ಇನ್ನೊಂದು ಬಗೆ. ನಮಗೆ ಬೇಕಾದ ಕಲ್ಲು ಎರಡನೆಯ ಜಾತಿಯದು.

7

ಕೇರಿ ಹುಡುಗರ ನಾಲ್ಕು ಸಾಲಿಗೆ ಬರುತ್ತೇನೆ. ಹಾಳೆ ಹರಿದು ಹರಿದು ಬರೆದೆ. ‘ಅಮರರಾದ’ ಅಂತ ಬರೆದೆ, ಹೊಡೆದುಹಾಕಿದೆ. ‘ಊರಿಗಾಗಿ ಪ್ರಾಣ ತೆತ್ತ’ ಅಂತ ಬರೆದೆ. ಅವನೇನು ತೆತ್ತವನಲ್ಲ, ಅವನಿಂದ ಕಿತ್ತುಕೊಂಡರು, ಅದನ್ನೂ ಹೊಡೆದೆ. ‘ದುರಂತದಲ್ಲಿ ಮಡಿದ’ ಅಂತ ಬರೆದಾಗ ಆಟ್ಲಿಯ ಬುರುಜು ಕಣ್ಣ ಮುಂದೆ ಬಂತು.

ಕೊನೆಗೆ ಉಳಿದಿದ್ದು ಇಷ್ಟು: ಇಬ್ಬರ ಹೆಸರು, ಅವರ ತಾಯಂದಿರ ಹೆಸರು. ದಿನಾಂಕ. ಗುಂಡಿಯ ಆಳ, ಅಡಿಯ ಲೆಕ್ಕದಲ್ಲಿ. ಮಾವ ಎಷ್ಟು ವರ್ಷ ಈ ಕೆಲಸ ಮಾಡಿದ, ದಿನಕ್ಕೆ ಎಷ್ಟು ಕೂಲಿ. ಮುಖಗವಸು ಇರಲಿಲ್ಲ, ಹಗ್ಗ ಇರಲಿಲ್ಲ. ಆಮೇಲೆ ಒಂದು ವಾಕ್ಯ: ‘ಇವರನ್ನು ಇಳಿಸಿದರು.’

‘ಇಳಿದರು’ ಅಲ್ಲ, ‘ಇಳಿಸಿದರು’. ವ್ಯಾಕರಣದಲ್ಲಿ ಒಂದು ಅಕ್ಷರದ ವ್ಯತ್ಯಾಸ. ಓದಿದ ಯಾರಿಗಾದರೂ ‘ಯಾರು?’ ಅಂತ ಕೇಳಬೇಕು ಅನ್ನಿಸಿದರೆ, ಪಕ್ಕದಲ್ಲೇ ಆ ಕರಿಕಲ್ಲು ಇದೆ, ಹೆಸರುಗಳೆಲ್ಲ ಅಲ್ಲೇ ಇವೆ.

ಅತ್ತೆಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಚೆನ್ನಾಗದೆ ಕಣಪ್ಪಾ. ಕೆಳಗೆ ವಸಿ ಜಾಗ ಬಿಟ್ಟಿದ್ದೀಯಾ?” ಅಂದಳು.

“ಯಾಕತ್ತೆ?”

“ಇನ್ನೂ ಇಳಿಸ್ತಾವ್ರಲ್ಲ.”

ಜಾಗ ಬಿಡಬೇಕೋ ಬೇಡವೋ ಅಂತ ಹುಡುಗರಲ್ಲಿ ಈಗ ಜಗಳ ನಡೆಯುತ್ತಿದೆ. ಬಿಟ್ಟರೆ ಸಾವನ್ನು ಕಾಯುತ್ತಾ ಕೂತ ಹಾಗೆ ಅಂತ ಒಂದು ಗುಂಪು. ಬಿಡದಿದ್ದರೆ ಸುಳ್ಳು ಹೇಳಿದ ಹಾಗೆ ಅಂತ ಇನ್ನೊಂದು. ನಾನು ಇನ್ನೂ ಯಾವ ಗುಂಪಿಗೂ ಸೇರಿಲ್ಲ. ಈ ಸಂಚಿಕೆ ಓದುವ ಗೆಳೆಯರು ಏನು ಹೇಳುತ್ತಾರೆ ಅಂತ ಕೇಳಬೇಕಾಗಿದೆ.